ಮುಪ್ಪಿನವರಿಗೆ ಒಂದು ಮನೆ

‘ವೃದ್ಧಾಶ್ರಮ’ ಎಂಬ ಮಾತು ನಮ್ಮ ಭಾಷೆಗೆ ಹೊಸದು. ಅದರ ಎರಡು ಅಂಗಗಳು ಮಾತ್ರ ಬಹು ಹಳೆಯವು. ‘ವೃಧ್’ ಎಂಬ ಧಾತುವಿನಿಂದ ‘ವೃದ್ಧಿ’ ಎಂಬ ಶಬ್ದ ಹುಟ್ಟಿದಂತೆಯೇ ‘ವೃದ್ಧ’ ಎಂಬುದೂ ಹುಟ್ಟಿತು. ವೃದ್ಧ ಎಂದರೆ ಸವೆದವನಲ್ಲ, ಬೆಳೆದವನು. ಆಶ್ರಮವೆಂದರೆ ತಪಸ್ವಿಗಳ ನೆಲೆ; ಬಾಳಿನ ನಾಲ್ಕು ಘಟ್ಟಗಳಿಗೂ ಅದೇ ಹೆಸರು. ಮೈಯಲ್ಲಿ ಸುಕ್ಕು, ತಲೆಯಲ್ಲಿ ನರೆ, ತೊಡೆಯ ಮೇಲೆ ಮೊಮ್ಮಗ, ಇವನ್ನು ಕಂಡ ಗೃಹಸ್ಥನು ವಾನಪ್ರಸ್ಥಕ್ಕೆ ಹೊರಡಬಹುದೆಂದು ಮನುಸ್ಮೃತಿ ಹೇಳುತ್ತದೆ. ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿಯಾದರೂ ಹೋಗಬಹುದು, ಜೊತೆಯಲ್ಲಿ ಕರೆದುಕೊಂಡಾದರೂ ಹೋಗಬಹುದು. ಎಷ್ಟು ಜನ ನಿಜವಾಗಿ ಹಾಗೆ ಹೋದರೋ, ಅದು ಬೇರೆಯ ಮಾತು. ಇಲ್ಲಿ ಗಮನಿಸತಕ್ಕದ್ದು ಕ್ರಿಯಾಪದ. ಹಿಂದಿನವರು ‘ತಂದೆ ವಾನಪ್ರಸ್ಥಕ್ಕೆ ಹೋದನು’ ಎಂದರು. ನಾವು ‘ತಂದೆಯನ್ನು ವೃದ್ಧಾಶ್ರಮಕ್ಕೆ ಸೇರಿಸಿದರು’ ಎನ್ನುತ್ತೇವೆ. ಅಲ್ಲಿ ತಂದೆ ಕರ್ತೃ, ಇಲ್ಲಿ ಕರ್ಮ. ವ್ಯಾಕರಣದ ಈ ಸಣ್ಣ ವ್ಯತ್ಯಾಸದಲ್ಲಿಯೇ ನಮ್ಮ ವಿಷಯದ ಸಾರವೆಲ್ಲ ಅಡಗಿದೆಯೆಂದು ನನಗೆ ತೋರುತ್ತದೆ.

ಮುಪ್ಪಿನವರಿಗೆ ಒಳ್ಳೆಯ ನೆಲೆಯೊಂದನ್ನು ಆರಿಸುವುದು ಹೇಗೆ ಎಂಬ ಪ್ರಶ್ನೆ ಇಂದು ಅನೇಕ ಸಂಸಾರಗಳ ಮುಂದಿದೆ. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ 60 ವರ್ಷ ತುಂಬಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಮಕ್ಕಳು ದೂರದ ಊರುಗಳಲ್ಲಿರುವವರು, ಮಕ್ಕಳಿಲ್ಲದವರು, ಮದುವೆಯಾಗದೆ ಉಳಿದವರು, ಗಂಡ ಹೆಂಡಿರಿಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಹಗಲೆಲ್ಲ ಒಂಟಿಯಾಗಿ ಹಾಸಿಗೆ ಹಿಡಿದವರು, ಇವರಿಗೆಲ್ಲ ‘ಮಕ್ಕಳ ಮನೆಯಲ್ಲಿಯೇ ಇರಿ’ ಎಂಬ ಉಪದೇಶ ಸಾಲದು. ಆದರೆ ಈ ಮಾತನ್ನು ನಾವು ಬಾಯಿಬಿಟ್ಟು ಆಡುವುದಿಲ್ಲ. ನಾಲ್ಕು ಜನ ಏನೆಂದಾರು ಎಂಬ ನಾಚಿಕೆಯಿಂದ ಕಡೆಯ ಗಳಿಗೆಯವರೆಗೂ ಮುಚ್ಚಿಟ್ಟು, ಆಮೇಲೆ ಎರಡು ದಿನದಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತೇವೆ. ಒಂದು ಜೊತೆ ಎತ್ತನ್ನು ಕೊಳ್ಳುವಾಗ ಹಲ್ಲು ಹಿಡಿದು, ಸುಳಿ ನೋಡಿ, ಉಳಿಸಿ ನೋಡುವ ನಾವು ಹೆತ್ತವರ ನೆಲೆಯನ್ನು ಮಾತ್ರ ನೋಡದೆ ಆರಿಸುತ್ತೇವೆ. ಈ ವಿಷಯದಲ್ಲಿ ಚರಿತ್ರೆಯನ್ನು ಕೇಳುವುದು ಲೇಸು. ಮಾಡಬಹುದಾದ ತಪ್ಪುಗಳಲ್ಲಿ ಹೆಚ್ಚಿನವನ್ನು ಹಿಂದಿನವರು ಆಗಲೇ ಮಾಡಿ ನೋಡಿದ್ದಾರೆ.

ನಮ್ಮ ನಾಡಿನಿಂದಲೇ ಆರಂಭಿಸೋಣ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಬಿ. ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಪ್ರಾಕೃತ ಬರಹಗಳು ಕನ್ನಡ ನಾಡಿನ ಅತ್ಯಂತ ಹಳೆಯ ಬರಹಗಳಲ್ಲಿ ಸೇರಿದವು. ಬ್ರಹ್ಮಗಿರಿಯ ಬಂಡೆ ಜನರಿಗೆ ಹೇಳುವ ಧರ್ಮಗಳಲ್ಲಿ ತಾಯಿತಂದೆಯರ ಸೇವೆ ಮಾಡಬೇಕೆಂಬುದು ಮುಖ್ಯವಾದದ್ದು. ಅಶೋಕನ ಬೇರೆ ಶಾಸನಗಳಿಂದ ಇನ್ನೂ ಎರಡು ಸಂಗತಿ ತಿಳಿಯುತ್ತದೆ: ಅನಾಥರ ಮತ್ತು ವೃದ್ಧರ ಹಿತವನ್ನು ನೋಡಿಕೊಳ್ಳುವುದು ಧರ್ಮಮಹಾಮಾತ್ರರೆಂಬ ಅಧಿಕಾರಿಗಳ ಕೆಲಸಗಳಲ್ಲಿ ಒಂದಾಗಿತ್ತು, ಅರಸನು ಧರ್ಮಯಾತ್ರೆಗೆ ಹೋದಲ್ಲಿ ವೃದ್ಧರನ್ನು ಕಂಡು ಹೊನ್ನು ಕೊಡುತ್ತಿದ್ದನು. ಅರ್ಥಶಾಸ್ತ್ರದ ದಾರಿ ಇನ್ನಷ್ಟು ಬಿಗಿ. ಶಕ್ತಿಯಿದ್ದೂ ಹೆಂಡತಿ ಮಕ್ಕಳನ್ನೂ ತಾಯಿತಂದೆಯರನ್ನೂ ಸಾಕದವನಿಗೆ ಕೌಟಿಲ್ಯನು 12 ಪಣ ದಂಡ ವಿಧಿಸುತ್ತಾನೆ; ಯಾರೂ ದಿಕ್ಕಿಲ್ಲದ ಬಾಲರು, ವೃದ್ಧರು, ರೋಗಿಗಳನ್ನು ಅರಸನೇ ಸಾಕಬೇಕೆನ್ನುತ್ತಾನೆ. ಮಕ್ಕಳ ಹೊಣೆ ಮೊದಲು, ಅರಸನ ಹೊಣೆ ಆಮೇಲೆ ಎಂಬ ಈ ಕ್ರಮ ಇಂದಿನ ಕಾನೂನಿನಲ್ಲಿಯೂ ಉಳಿದುಬಂದಿದೆ.

ಅರಸನ ಕೈ ಎಲ್ಲ ಊರಿಗೂ ತಲುಪುವುದಿಲ್ಲವಷ್ಟೆ. ಆ ತೆರವನ್ನು ಮಠಗಳೂ ದೇವಾಲಯಗಳೂ ತುಂಬಿದವು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವಿತ್ತು. ಅದು ಕಾಳಾಮುಖ ಶೈವರ ಪ್ರಸಿದ್ಧ ವಿದ್ಯಾಕೇಂದ್ರ. 1162ರ ಶಾಸನವೊಂದು ಆ ಮಠವನ್ನು ಬಣ್ಣಿಸುವ ರೀತಿ ಓದತಕ್ಕದ್ದು. ಅಲ್ಲಿ ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿತ್ತು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ನುಡಿಸುವವರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತು, ರೋಗಿಗಳಿಗೆ ಔಷಧೋಪಚಾರವಿತ್ತು. ಈ ದೀನರು, ಅನಾಥರು, ಕಣ್ಣು ಕಾಣದವರೊಳಗೆ ಮುಪ್ಪಿನವರು ಅನೇಕರಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಅವರನ್ನು ಊರಾಚೆಯ ಒಂದು ಕೊಟ್ಟಿಗೆಗೆ ನೂಕಿರಲಿಲ್ಲ ಎಂಬುದೇ ಇಲ್ಲಿಯ ವಿಶೇಷ. ಒಂದು ಕಡೆ ಹುಡುಗರ ಪಾಠ, ಇನ್ನೊಂದು ಕಡೆ ವೀಣೆಯ ದನಿ, ಬಂದುಹೋಗುವ ಯಾತ್ರಿಕರು. ಅವರ ನಡುವೆಯೇ ಇವರಿಗೂ ಎಲೆ. ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಇದೆಲ್ಲ ಕೊಡುವವನ ಪುಣ್ಯದ ಮೇಲೆ ನಿಂತದ್ದು. ಪಡೆಯುವವನಿಗೆ ಹಕ್ಕೆಂಬುದು ಇರಲಿಲ್ಲ. ದತ್ತಿ ನಿಂತರೆ ಅನ್ನವೂ ನಿಲ್ಲುತ್ತಿತ್ತು.

ಕೈಲಾಗದವರಿಗಾಗಿಯೇ ಕಟ್ಟಡ ಕಟ್ಟಿ, ಅಲ್ಲಿ ಅವರನ್ನು ಒಟ್ಟಿಗೆ ಇರಿಸುವ ಪದ್ಧತಿ ದೊಡ್ಡದಾಗಿ ಬೆಳೆದದ್ದು ಯೂರೋಪಿನಲ್ಲಿ. ನಮ್ಮ ಇಂದಿನ ವೃದ್ಧಾಶ್ರಮಗಳ ಮಾದರಿ ಬಹುಮಟ್ಟಿಗೆ ಅಲ್ಲಿಂದ ಬಂದದ್ದಾದ್ದರಿಂದ ಆ ಕಥೆಯನ್ನು ತಿಳಿಯಬೇಕು. ಅದರಲ್ಲಿ ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಯಾಕೋಬ್ ಫುಗ್ಗರ್ ಎಂಬ ದೊಡ್ಡ ವರ್ತಕನು 1521ರಲ್ಲಿ ಬಡವರಿಗಾಗಿ ಒಂದು ಕೇರಿಯನ್ನೇ ಸ್ಥಾಪಿಸಿದನು. ‘ಫುಗ್ಗರೈ’ ಎಂಬ ಹೆಸರಿನ ಆ ಕೇರಿಯಲ್ಲಿ ಇಂದಿಗೂ ಜನ ವಾಸಿಸುತ್ತಾರೆ. ಅವರಲ್ಲಿ ವಯಸ್ಸಾದವರು ಬಹಳ. ವರ್ಷದ ಬಾಡಿಗೆ ಅಂದು ಒಂದು ಗುಲ್ಡನ್, ಇಂದು ಅದಕ್ಕೆ ಸಮವೆಂದು ಎಣಿಸಿದ 88 ಸೆಂಟು. ಸ್ಥಾಪಕನಿಗಾಗಿ ದಿನಕ್ಕೆ ಮೂರು ಬಾರಿ ಪ್ರಾರ್ಥನೆ ಸಲ್ಲಿಸಬೇಕೆಂಬ ಷರತ್ತೂ ಉಂಟು. ದಾನಿಗೆ ಪುಣ್ಯದ ಆಸೆ ಎಲ್ಲ ದೇಶದಲ್ಲಿಯೂ ಒಂದೇ. ಆದರೆ ಒಂದೊಂದು ಸಂಸಾರಕ್ಕೂ ಅಲ್ಲಿ ಬೇರೆ ಬೇರೆ ಬಾಗಿಲು. ಬಾಗಿಲ ಗಂಟೆಯನ್ನು ಎಳೆಯುವ ಕಬ್ಬಿಣದ ಹಿಡಿಗಳು ಒಂದೊಂದೂ ಒಂದೊಂದು ಆಕಾರ. ಬೀದಿಯಲ್ಲಿ ದೀಪವಿಲ್ಲದ ಕಾಲದಲ್ಲಿಯೂ ಕೈಯಿಂದ ತಡವಿ ‘ಇದು ನನ್ನ ಮನೆ’ ಎಂದು ತಿಳಿದುಕೊಳ್ಳಬಹುದಾಗಿತ್ತು. ಬಡವನಾದರೂ ಅವನಿಗೆ ತನ್ನದೆಂಬ ಬಾಗಿಲಿತ್ತು.

ಇನ್ನು ಇಂಗ್ಲೆಂಡಿನ ಕಥೆ. 1601ರ ಬಡವರ ಕಾನೂನು ದುಡಿಯಲಾರದ ವೃದ್ಧರನ್ನು ಸಾಕುವ ಹೊಣೆಯನ್ನು ಊರಿನ ಮೇಲೆ ಹಾಕಿತು. ಶಕ್ತಿಯುಳ್ಳ ಮಕ್ಕಳ ಮೇಲೆಯೂ ಹಾಕಿತು. ಎರಡು ಶತಮಾನ ಕಳೆದ ಮೇಲೆ ಖರ್ಚು ಹೆಚ್ಚಿತೆಂಬ ಕೂಗೆದ್ದು 1834ರಲ್ಲಿ ಹೊಸ ಕಾನೂನು ಬಂದಿತು. ಸಹಾಯ ಬೇಕಾದವರು ‘ವರ್ಕ್‌ಹೌಸ್’ ಎಂಬ ದುಡಿಮೆಯ ಮನೆಯನ್ನು ಸೇರಬೇಕು; ಅದರೊಳಗಿನ ಬಾಳು ಹೊರಗಿನ ಅತಿ ಬಡ ಕೂಲಿಯವನ ಬಾಳಿಗಿಂತಲೂ ಕೀಳಾಗಿರಬೇಕು, ಹಾಗಿದ್ದರೆ ಸೋಮಾರಿಗಳು ಬರುವುದಿಲ್ಲ, ಎಂಬುದು ಅದರ ಸೂತ್ರ. ಸೋಮಾರಿಗಳನ್ನು ಹೆದರಿಸಲು ಕಟ್ಟಿದ ಮನೆಗೆ ಕಾಲಕ್ರಮದಲ್ಲಿ ಹೆಚ್ಚಾಗಿ ಬಂದವರು ಮುದುಕರು, ರೋಗಿಗಳು, ಅನಾಥ ಮಕ್ಕಳು. ಬಾಗಿಲಲ್ಲಿಯೇ ಅವರ ಸ್ವಂತ ಬಟ್ಟೆಯನ್ನು ಬಿಚ್ಚಿಸಿ ಮನೆಯ ಸಮವಸ್ತ್ರ ತೊಡಿಸುತ್ತಿದ್ದರು. ಗಂಟೆ ಹೊಡೆದಾಗ ಏಳಬೇಕು, ಗಂಟೆ ಹೊಡೆದಾಗ ಉಣ್ಣಬೇಕು. ಗಂಡಸರ ಅಂಗಳ ಬೇರೆ, ಹೆಂಗಸರ ಅಂಗಳ ಬೇರೆ. ನಲವತ್ತು ವರ್ಷ ಜೊತೆಯಲ್ಲಿ ಬಾಳಿದ ದಂಪತಿಗಳೂ ಬೇರೆಯಾಗಬೇಕು. 60 ವರ್ಷ ಮೀರಿದವರಿಗೆ ಬೆಳಗಿನ ಗಂಜಿಯ ಬದಲು ಚಹ, ಬೆಣ್ಣೆ, ಸಕ್ಕರೆ ಕೊಡಬಹುದೆಂಬುದೇ ವಯಸ್ಸಿಗೆ ತೋರಿದ ದೊಡ್ಡ ಮರ್ಯಾದೆ. 60 ಮೀರಿದ ದಂಪತಿಗಳನ್ನು ಅಗಲಿಸಕೂಡದೆಂದು 1847ರಲ್ಲಿ ಕಾನೂನಾಯಿತು. ಆದರೆ ಅವರಿಗೆ ಬೇರೆ ಕೋಣೆ ಕಟ್ಟಿಸಿದ ಊರುಗಳು ಎಲ್ಲ ಕಡೆಯೂ ಇರಲಿಲ್ಲ. ಬರೆದ ಕಾನೂನಿಗೂ ಇಟ್ಟಿಗೆಯ ಗೋಡೆಗೂ ಬಹಳ ದೂರ.

ಈ ಕತ್ತಲೆಗೆ ಮೊದಲ ಬೆಳಕಿಂಡಿ ತೆರೆದದ್ದು ಕಟ್ಟಡದಿಂದಲ್ಲ, ಹಣದಿಂದ. 1908ರ ಕಾನೂನಿನಂತೆ 1909ರ ಜನವರಿ 1ರಿಂದ 70 ತುಂಬಿದ ಬಡವರಿಗೆ ವಾರಕ್ಕೆ 5 ಷಿಲ್ಲಿಂಗುಗಳವರೆಗೆ ಪಿಂಚಣಿ ದೊರೆಯತೊಡಗಿತು. ಅದನ್ನು ಅಂಚೆ ಕಚೇರಿಯಲ್ಲಿ ತಾವೇ ಹೋಗಿ ತರಬಹುದಾಗಿತ್ತು. ಯಾರದೋ ಮೂಲೆಯಲ್ಲಿ ಹೊರೆಯಾಗಿದ್ದ ಮುದುಕಿ ಇದರಿಂದ ಅದೇ ಮನೆಯ ಖರ್ಚಿಗೆ ಐದು ಕಾಸು ಸೇರಿಸುವವಳಾದಳು. ಎರಡನೆಯ ಮಹಾಯುದ್ಧದ ಮೇಲೆ, 1948ರಲ್ಲಿ, ಹಳೆಯ ಬಡವರ ಕಾನೂನೇ ರದ್ದಾಯಿತು. ವೃದ್ಧರಿಗೆ ವಸತಿ ಒದಗಿಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವೆಂದು ಹೊಸ ಕಾನೂನು ಸಾರಿತು. ಅದನ್ನು ತಂದ ಮಂತ್ರಿ ಅನ್ಯೂರಿನ್ ಬೆವನ್ ಅವರ ಕಲ್ಪನೆ ಹೊಸದಾಗಿತ್ತು: ಒಡೆಯ ಮತ್ತು ಆಶ್ರಿತ ಎಂಬ ಸಂಬಂಧ ಹೋಗಿ ಹೋಟೆಲಿನವನು ಮತ್ತು ಅತಿಥಿ ಎಂಬ ಸಂಬಂಧ ಬರಬೇಕು, ಒಂದು ಮನೆಯಲ್ಲಿ 25–30 ಜನರಿದ್ದರೆ ಸಾಕು. ವಾರದ ಪಿಂಚಣಿ 26 ಷಿಲ್ಲಿಂಗಾದರೆ, 21ನ್ನು ಊಟ ವಸತಿಗೆ ಕೊಟ್ಟು 5ನ್ನು ತಮ್ಮ ಕೈಖರ್ಚಿಗೆ ಇಟ್ಟುಕೊಳ್ಳಬಹುದು.

ಹೆಸರು ಬದಲಾದ ಮಾತ್ರಕ್ಕೆ ಮನೆ ಬದಲಾಗುವುದೇ? ಪೀಟರ್ ಟೌನ್‌ಸೆಂಡ್ ಎಂಬ ಸಮಾಜವಿಜ್ಞಾನಿ ಹತ್ತು ವರ್ಷಗಳ ಮೇಲೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 173 ಸಂಸ್ಥೆಗಳನ್ನು ಕಣ್ಣಾರೆ ಕಂಡು 1962ರಲ್ಲಿ ಒಂದು ಗ್ರಂಥ ಬರೆದರು. ‘ಕಡೆಯ ಆಸರೆ’ ಎಂಬುದು ಅದರ ಹೆಸರಿನ ಅರ್ಥ. ಅನೇಕ ವೃದ್ಧರು ಇನ್ನೂ ಹಳೆಯ ವರ್ಕ್‌ಹೌಸ್ ಕಟ್ಟಡಗಳಲ್ಲಿಯೇ ಇದ್ದರು. ಸಾಲು ಹಾಸಿಗೆ, ತಮ್ಮ ವಸ್ತುವನ್ನು ಇಟ್ಟುಕೊಳ್ಳಲು ಜಾಗವಿಲ್ಲ, ಮಾಡಲು ಕೆಲಸವಿಲ್ಲ, ಹೊತ್ತು ಹೋಗುವುದಿಲ್ಲ. ಹತ್ತು ಜನರ ನಡುವೆ ಕುಳಿತೂ ಒಂಟಿತನ. ಟೌನ್‌ಸೆಂಡರು ಕಟ್ಟಡವನ್ನಷ್ಟೇ ಅಳೆಯಲಿಲ್ಲ. ಅಲ್ಲಿರುವವನಿಗೆ ಎಷ್ಟು ಸ್ವಾತಂತ್ರ್ಯವಿದೆ ಎಂಬುದನ್ನೂ ಅಳೆದರು. ಆದಷ್ಟು ಜನರು ತಮ್ಮ ಮನೆಯಲ್ಲಿಯೇ, ಇಲ್ಲವೆ ನೆರವು ಹತ್ತಿರವಿರುವ ಸಣ್ಣ ಮನೆಗಳಲ್ಲಿ ಬಾಳುವಂತಾಗಬೇಕೆಂಬುದು ಅವರ ತೀರ್ಮಾನ.

ಇದೇ ಯೂರೋಪಿನಿಂದ ನಮ್ಮಲ್ಲಿಗೆ ಬಂದ ಇನ್ನೊಂದು ಧಾರೆ ಉಂಟು. ಫ್ರಾನ್ಸಿನ ಸೇಂಟ್ ಸೆರ್ವಾನ್ ಎಂಬ ಊರಿನಲ್ಲಿ 1839ರ ಚಳಿಗಾಲದಲ್ಲಿ ಝಾನ್ ಝುಗಾನ್ ಎಂಬ ಬಡ ಹೆಂಗಸು ಕಣ್ಣಿಲ್ಲದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಅದರಿಂದ ಬೆಳೆದ ‘ಬಡವರ ಕಿರಿಯ ಸೋದರಿಯರು’ ಎಂಬ ಸಂಘ 1882ರಲ್ಲಿ ಕೋಲ್ಕತ್ತಕ್ಕೆ ಬಂದು ವೃದ್ಧರ ಮನೆಯನ್ನು ತೆರೆಯಿತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿಯೂ ಅವರ ಮನೆಯೊಂದು ಉಂಟು. ಆಮೇಲೆ ನಾನಾ ಮತಗಳ ಸಂಸ್ಥೆಗಳೂ, ದತ್ತಿಗಳೂ, ಈಚೆಗೆ ತಿಂಗಳ ಹಣ ಪಡೆದು ನಡೆಸುವ ಮನೆಗಳೂ ಹುಟ್ಟಿವೆ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ವೃದ್ಧ ತಾಯಿತಂದೆಯರನ್ನು ಸಾಕುವ ಹೊಣೆಯನ್ನು ಮಗನಿಗೂ ಮಗಳಿಗೂ ಹೊರಿಸಿತು. 2007ರಲ್ಲಿ ತಾಯಿತಂದೆಯರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಎಲ್ಲ ಮತದವರಿಗೂ ಅನ್ವಯಿಸುವಂತೆ ಬಂದಿತು. ಉಪವಿಭಾಗಾಧಿಕಾರಿಯ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯ ನ್ಯಾಯಮಂಡಳಿಗೆ ಹಿರಿಯರು ನೇರವಾಗಿ ಅರ್ಜಿ ಕೊಡಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ಬಾಧ್ಯರಾಗುವ ನೆಂಟರಿಂದ ಜೀವನಾಂಶ ಕೇಳಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಪಡೆದವನು ನೋಡಿಕೊಳ್ಳದೆ ಹೋದರೆ ಆ ಪತ್ರ ರದ್ದಾಗುವಂತೆ ಮಾಡಬಹುದು. ಆದ್ದರಿಂದ ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಕ್ಷೇಮ. ಬಡ ಹಿರಿಯರಿಗಾಗಿ ಜಿಲ್ಲೆಗೊಂದಾದರೂ, ಕನಿಷ್ಠ 150 ಜನರಿಗೆ ಎಡೆಯಿರುವ ಮನೆಯನ್ನು ಸರ್ಕಾರ ಸ್ಥಾಪಿಸಬಹುದೆಂದೂ ಅದರಲ್ಲಿದೆ. ಆಶಯ ದೊಡ್ಡದು, ಆದರೆ 150 ಜನರ ಮನೆಯಲ್ಲಿ ಒಬ್ಬೊಬ್ಬರ ಹೆಸರನ್ನೂ ರುಚಿಯನ್ನೂ ನೆನಪಿಡುವುದು 30 ಜನರ ಮನೆಯಲ್ಲಿ ಇಟ್ಟಷ್ಟು ಸುಲಭವಲ್ಲವೆಂಬುದನ್ನು ಮೇಲಿನ ಚರಿತ್ರೆ ಕಲಿಸಿದೆ.

ಹಾಗಾದರೆ ಆರಿಸುವುದು ಹೇಗೆ? ಚರಿತ್ರೆಯ ಒಂದೊಂದು ಪಾಠವೂ ಒಂದೊಂದು ಪ್ರಶ್ನೆಯಾಗುತ್ತದೆ. ಬಾಗಿಲಲ್ಲಿ ನಿಂತು ಅವನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಮೊದಲ ಪ್ರಶ್ನೆ ಮನೆಗಲ್ಲ, ನಮಗೇ: ಅಲ್ಲಿ ಬಾಳಬೇಕಾದವರನ್ನು ಕೇಳಿದ್ದೇವೆಯೇ? ಮೂರು ನಾಲ್ಕು ಮನೆಗಳನ್ನು ಅವರಿಗೇ ತೋರಿಸಬೇಕು. ಸಾಧ್ಯವಾದರೆ ತಿಂಗಳೊಪ್ಪತ್ತು ಇದ್ದು ನೋಡಿ, ಒಗ್ಗದಿದ್ದರೆ ಹಿಂದಿರುಗುವ ದಾರಿಯನ್ನು ತೆರೆದಿಟ್ಟಿರಬೇಕು. ಎರಡನೆಯದು ಫುಗ್ಗರನ ಬಾಗಿಲಿನ ಪ್ರಶ್ನೆ: ಅವರದೆಂಬ ಮೂಲೆ, ಬೀಗ ಹಾಕುವ ಪೆಟ್ಟಿಗೆ, ದೇವರ ಪಟಕ್ಕೊಂದು ಗೂಡು ಉಂಟೇ? ಗಂಡ ಹೆಂಡಿರು ಕೂಡಿ ಇರಬಹುದೇ? ನನಗೆ ತಿಳಿದ ಒಂದು ಸಂಸಾರದ ಅಜ್ಜಿಯನ್ನು ನುಣುಪು ಕಲ್ಲಿನ ನೆಲದ ಮನೆಯೊಂದಕ್ಕೆ ಸೇರಿಸಿದರು. ಗೋಡೆ ಕೊಳೆಯಾಗುತ್ತದೆಂದು ಅಲ್ಲಿ ಅವರ ಎಲೆಯಡಿಕೆಯ ಸಂಚಿಯನ್ನು ತೆಗೆದಿಟ್ಟರು. ಊಟ ಸೊಗಸಾಗಿತ್ತು, ವೈದ್ಯರು ಬರುತ್ತಿದ್ದರು; ಅಜ್ಜಿ ಮಾತ್ರ ಮಾತು ಬಿಟ್ಟರು. ಮಗಳು ಅವರನ್ನು ಕೆಂಪು ಗಾರೆಯ ನೆಲದ ಒಂದು ಸಣ್ಣ ಮನೆಗೆ ಬದಲಾಯಿಸಿದಳು. ಅಲ್ಲಿ ಅವರು ಬೆಳಗ್ಗೆ ಅಡಿಗೆಯವಳ ಜೊತೆ ಕುಳಿತು ಹುರುಳಿಕಾಯಿ ನಾರು ತೆಗೆಯುತ್ತಾ, ಅವಳ ಉಪ್ಪು ಹುಳಿಯಲ್ಲಿ ತಪ್ಪು ಹುಡುಕುತ್ತಾ ಮತ್ತೆ ಮಾತಾಡತೊಡಗಿದರು. ವರ್ಕ್‌ಹೌಸಿನವರು ಬಾಗಿಲಲ್ಲಿ ಬಿಚ್ಚಿಸುತ್ತಿದ್ದ ಬಟ್ಟೆಗೂ ಈ ಸಂಚಿಗೂ ಹೆಚ್ಚು ದೂರವಿಲ್ಲ.

ಮೂರನೆಯದು ಹಣ. ಪಿಂಚಣಿಯ ಪಾಸ್‌ಬುಕ್ಕು ಯಾರ ಕೈಯಲ್ಲಿರುತ್ತದೆ? ತಿಂಗಳ ಹಣದಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ? ಮುಂಗಡ ಇಟ್ಟರೆ, ಬಿಟ್ಟು ಹೋದಾಗ ಅಥವಾ ತೀರಿಕೊಂಡಾಗ ಎಷ್ಟು ಹಿಂದಿರುಗುತ್ತದೆ? ಇವೆಲ್ಲ ಬಾಯಿಮಾತಿನಲ್ಲಿ ಇರಕೂಡದು, ಬರಹದಲ್ಲಿರಬೇಕು. ನಾಲ್ಕನೆಯದು ರಾತ್ರಿ. ಹಗಲಿನಲ್ಲಿ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಏಳಬೇಕಾದವರಿಗೆ ಕೈ ಕೊಡಲು ಯಾರಿದ್ದಾರೆ? ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಉಂಟೇ, ನೆಲ ಜಾರುತ್ತದೆಯೇ? ಹಾಸಿಗೆ ಹಿಡಿದವರ ಮಗ್ಗುಲನ್ನು ಹೊತ್ತು ಹೊತ್ತಿಗೆ ಬದಲಾಯಿಸುತ್ತಾರೆಯೇ? ಹಾಗೆ ಮಾಡದಿದ್ದರೆ ಬೆನ್ನು ಹುಣ್ಣಾಗುತ್ತದೆ. ಮುಂದೆ ನೆನಪು ತಪ್ಪಿದರೆ, ನಡೆಯಲಾರದಾದರೆ ಇಟ್ಟುಕೊಳ್ಳುತ್ತಾರೋ, ‘ಕರೆದುಕೊಂಡು ಹೋಗಿ’ ಎನ್ನುತ್ತಾರೋ? ಇದನ್ನು ಸೇರುವ ಮೊದಲೇ ಕೇಳಬೇಕು. ಕೇಳದವರು ಆಮೇಲೆ ಪೇಚಾಡುತ್ತಾರೆ.

ಐದನೆಯದು ಕೋಡಿಯ ಮಠದ ಪ್ರಶ್ನೆ: ಹೊರಗಿನ ಬಾಳು ಒಳಗೆ ಬರುತ್ತದೆಯೇ? ಮೊಮ್ಮಕ್ಕಳು ಬೇಕಾದಾಗ ಬರಬಹುದೇ, ಹಿರಿಯರು ಬೇಕಾದಾಗ ಹೊರಗೆ ಹೋಗಬಹುದೇ? ಅಲ್ಲಿ ಅವರ ಮಾತನ್ನಾಡುವವರು, ಅವರ ಊಟವನ್ನು ಬಲ್ಲವರು ಇದ್ದಾರೆಯೇ? ಮುದ್ದೆ ಉಂಡು ಬೆಳೆದವರಿಗೆ ದಿನವೂ ಚಪಾತಿ ಬಡಿಸಿದರೆ ಅದು ಉಪಚಾರವಲ್ಲ. ಸಂದರ್ಶಕರ ಕೋಣೆಯಿಂದ ಆಚೆಗೆ ಬಿಡದ ಮನೆಯ ವಿಷಯದಲ್ಲಿ ಎಚ್ಚರವಾಗಿರಬೇಕು. ಹೇಳದೆ ಹೋಗಿ, ಊಟದ ಹೊತ್ತಿಗೆ ಹೋಗಿ; ಮೂಗು ಮತ್ತು ಕಿವಿ ಕಣ್ಣಿಗಿಂತ ಹೆಚ್ಚು ಹೇಳುತ್ತವೆ. ಬಹಳ ಕಾಲದಿಂದ ಅಲ್ಲಿರುವವರೊಡನೆ, ಮೇಲ್ವಿಚಾರಕರು ಹತ್ತಿರವಿಲ್ಲದಾಗ, ನಾಲ್ಕು ಮಾತಾಡಿ. ಸೇವಕರು ಎಷ್ಟು ವರ್ಷದಿಂದ ಇದ್ದಾರೆಂದು ವಿಚಾರಿಸಿ. ಆರು ತಿಂಗಳಿಗೊಮ್ಮೆ ಬದಲಾಗುವ ಕೈಗಳಿಂದ ಅಕ್ಕರೆಯನ್ನು ನಿರೀಕ್ಷಿಸಲಾಗದು. ಅನ್ಯಾಯವೆಂದು ಕಂಡರೆ ಹಿರಿಯರ ಸಹಾಯಕ್ಕಾಗಿ 14567 ಎಂಬ ದೂರವಾಣಿ ಸಂಖ್ಯೆ ಇದೆ; ಅದನ್ನು ಅವರಿಗೂ ಬರೆದುಕೊಟ್ಟಿರಿ.

ಇಷ್ಟೆಲ್ಲ ಕೇಳಿ ಆರಿಸಿದ ಮೇಲೆಯೂ ಮಕ್ಕಳ ಕೆಲಸ ಮುಗಿಯುವುದಿಲ್ಲ. ಯಾರ ನೆಂಟರು ಆಗಾಗ ಬಂದುಹೋಗುತ್ತಾರೋ ಅವರನ್ನು ಎಲ್ಲ ಮನೆಯಲ್ಲಿಯೂ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಇದು ಲೋಕರೂಢಿ. ಹೆತ್ತವರನ್ನು ಬೇರೆ ಮನೆಯಲ್ಲಿ ಇರಿಸುವುದು ಪಾಪವೇ ಎಂದು ಕೆಲವರು ಕೇಳುತ್ತಾರೆ. ಮನೆಯಲ್ಲಿಯೇ ಇಟ್ಟುಕೊಂಡು ದಿನಕ್ಕೊಮ್ಮೆಯೂ ಮಾತಾಡಿಸದವರನ್ನು ನಾನು ಕಂಡಿದ್ದೇನೆ. ಬೇರೆ ಕಡೆ ಇರಿಸಿ ಪ್ರತಿ ಭಾನುವಾರ ಹೋಗಿ ಉಗುರು ಕತ್ತರಿಸಿ ಬರುವವರನ್ನೂ ಕಂಡಿದ್ದೇನೆ. ನೆಲೆ ಯಾವುದು ಎನ್ನುವುದಕ್ಕಿಂತ, ಆ ನೆಲೆಯಲ್ಲಿ ಹಿರಿಯರು ತಮ್ಮ ಬಾಳಿನ ಕರ್ತೃಗಳಾಗಿ ಉಳಿದಿದ್ದಾರೆಯೇ ಎಂಬುದು ದೊಡ್ಡ ಪ್ರಶ್ನೆ. ಬೆಳಗ್ಗೆ ಯಾವಾಗ ಏಳಬೇಕು, ಯಾವ ಸೀರೆ ಉಡಬೇಕು, ಯಾರೊಡನೆ ಕುಳಿತು ಉಣ್ಣಬೇಕು ಎಂಬಷ್ಟಾದರೂ ಅವರ ಕೈಯಲ್ಲಿದ್ದರೆ ಆ ಮನೆ ಒಳ್ಳೆಯದು.